ತಾಳೆಯಾಗದ ನಲವತ್ತೊಂದು ಸಾಲು

ಅಪ್ಪಾ,

ನೀನು ಹೋದ ಮೇಲೆ ಮೂರು ಲಾಗಿಂಗ್ ಸಾಫ್ಟ್‌ವೇರ್ ಜಾಲಾಡಿ, ಒಂದನ್ನು ಆರಿಸಿ, ಹ್ಯಾಮ್ ರೇಡಿಯೋದಲ್ಲಿ ಯಾರ ಜೊತೆ ಯಾವಾಗ ಮಾತಾಡಿದೆ ಎಂದು ನೀನು ಬರೆದಿಟ್ಟ ಲಾಗ್ ಪುಸ್ತಕಗಳನ್ನೆಲ್ಲ ಅದಕ್ಕೇರಿಸಿದೆ. ಆ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದಲು ನನ್ನನ್ನು ಬಿಟ್ಟರೆ ಯಾರಿದ್ದಾರೆ!

ಇವತ್ತು ಅದು ನಿನ್ನ ಸಂಪರ್ಕಗಳನ್ನು ಎದುರಿನವರ ಲಾಗ್ ಜೊತೆ ತಾಳೆ ನೋಡಿತು. ದೂರದ ದ್ವೀಪದವರೂ ನಿನ್ನನ್ನು ಬರೆದಿಟ್ಟಿದ್ದಾರೆ. ತಾಳೆಯಾಗದ್ದು ನಲವತ್ತೊಂದು ಸಾಲು, ಎಲ್ಲವೂ ಭಾನುವಾರ ಹಾಸ್ಟೆಲ್‌ನಿಂದ ನಾನು ರೇಡಿಯೋದಲ್ಲಿ ನಿನ್ನ ಜೊತೆ ಮಾತಾಡಿದ್ದು.

“ಬರ್ಕೊಂಡ್ಯಾ?” ಎಂದು ನೀನು ಕೇಳುತ್ತಿದ್ದೆ. “ಮನೆಯವ್ರ ಜೊತೆ ಮಾತಾಡಿದ್ದನ್ನೂ ಬರ್ಕೋತಾರಾ ಅಪ್ಪಾ?” ಎಂದು ನಾನು ನಗುತ್ತಿದ್ದೆ.

ನಿನ್ನ ಪುಸ್ತಕ ನೋಡಿ ನಾನು ಬರೆಯದೇ ಬಿಟ್ಟ ಆ ಸಾಲುಗಳನ್ನು ನನ್ನ ಲಾಗ್‌ನಲ್ಲಿ ತುಂಬುವುದು ಎರಡು ನಿಮಿಷದ ಕೆಲಸ. ಆದರೆ ಇನ್ನೊಬ್ಬರದು ನೋಡಿ ಬರೆಯಬಾರದೆಂದು ಕಲಿಸಿದವನೇ ನೀನು. ಹಾಗೇ ಬಿಟ್ಟೆ. ಪ್ರತಿ ಸಾಲಿನ ಕೊನೆಗೆ ನೀನು ಬರೆದ ಟಿಪ್ಪಣಿಯನ್ನು ಮಾತ್ರ ನಿನ್ನ ಲಾಗ್‌ನಲ್ಲಿ ನಲವತ್ತೊಂದು ಸಲವೂ ಟೈಪ್ ಮಾಡಿದ್ದೇನೆ: “ಮಗಳು. ಸ್ಪಷ್ಟವಾಗಿ ಕೇಳಿಸಿದಳು.”