ಹನ್ನೊಂದು ಸೆಕೆಂಡು ಯಾಕೆ, ಕಾಕಾ?

ಮೌಲಾಸಾಬ ಕಾಕಾ,

ಇತ್ತ ನಾವೆಲ್ಲ ಕ್ಷೇಮ ಎಂದು ಬರೆದು, ಅತ್ತ ನಿಮ್ಮ ಕ್ಷೇಮ ಕೇಳುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಆ ಸಾಲು ಬಿಟ್ಟುಬಿಡುತ್ತೇನೆ. ನೀವು ಹೋಗಿ ಎಂಟು ತಿಂಗಳಾಯಿತು. ರೋಣದ ಬಸ್ ಸ್ಟ್ಯಾಂಡಿನ ಹಿಂದಿನ ನಿಮ್ಮ ಅಂಗಡಿಯ ಬೀಗದಕೈ ಈಗಲೂ ನನ್ನ ಹತ್ತಿರವೇ ಇದೆ. ವಾರವೆಲ್ಲ ಗಜೇಂದ್ರಗಡದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ, ಮೊದಲಿನ ಹಾಗೆಯೇ ಭಾನುವಾರ ಬಂದು ಬಾಗಿಲು ತೆಗೆಯುತ್ತೇನೆ. ರಿಪೇರಿಗೆಂದು ಯಾರೂ ಬರುವುದಿಲ್ಲ. ನಾನು ಬರುವುದು ನೀವು ಬರೆದಿಟ್ಟ ಡ್ರೈವರಿನ ಜೊತೆ ಜಗಳಾಡಲಿಕ್ಕೆ.

ಆ ಹಸಿರು ಕಾರ್ಡನ್ನು ಮೊದಲ ಸಲ ನನ್ನ ಕೈಗಿಟ್ಟ ದಿನ ನೆನಪಿದೆಯೇ? ಯಾರೋ ಹರಾಜಿಗೆ ಹಾಕಿದ ಹಳೆಯ ಸರ್ವರಿನಿಂದ ಬಿಚ್ಚಿ ತೆಗೆದಿದ್ದಿರಿ. "ಇದು ಸ್ಟೋರೇಜ್ ಕಂಟ್ರೋಲರ್ ನೀಲವ್ವ. ದಲಾಲಿ ಇದ್ದಂಗ," ಎಂದಿರಿ. "ಡಿಸ್ಕಿನ್ಯಾಗ ಏನ ಇಡಬೇಕಂದ್ರೂ, ಏನ ತಗೀಬೇಕಂದ್ರೂ ಇವನ ಕೈಯಾಗ ಹಾದ ಹೋಗಬೇಕು. ಇವನ ಮಾತು ಕಂಪ್ಯೂಟರಿಗೆ ತಿಳಿಯಂಗಿಲ್ಲ. ತಿಳಿಸಿ ಹೇಳಾಂವ ಅಂದ್ರ ಡ್ರೈವರ್." ಕಾರ್ಡು ಮಾಡಿದ ಕಂಪನಿ ಯಾವ ಕಾಲಕ್ಕೋ ಬಾಗಿಲು ಹಾಕಿತ್ತು. ಅದರ ಕಾಗದಪತ್ರ ಎಲ್ಲೂ ಸಿಗಲಿಲ್ಲ. ರೇಡಿಯೋ ಬಿಚ್ಚುತ್ತ ಬೆಳೆದ ನೀವು, ಕಾರ್ಡಿಗೆ ಒಂದೊಂದೇ ಅಂಕಿ ಕಳಿಸಿ, ಅದು ತಿರುಗಿ ಏನು ಹೇಳುತ್ತದೆಂದು ನೋಡುತ್ತ ಎರಡು ವರ್ಷ ಕೂತು ಡ್ರೈವರ್ ಬರೆದಿರಿ. ಯಾರು ಬೇಕಾದರೂ ತೆರೆದು ಓದಿ, ತಿದ್ದಿ, ಹಂಚಬಹುದಾದ ಆ ಆಪರೇಟಿಂಗ್ ಸಿಸ್ಟಮಿನವರಿಗೆ ಅದನ್ನು ಕಳಿಸಿದಿರಿ. ಅವರು ಸೇರಿಸಿಕೊಂಡರು. ಅಂದು ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಚಹಾ ಕುಡಿಸಿದಿರಿ. ಯಾವ ಖುಷಿಗೆ ಎಂದು ಒಬ್ಬರಿಗೂ ತಿಳಿಯಲಿಲ್ಲ, ಆದರೂ ಎಲ್ಲರೂ ಕುಡಿದರು. ನಿಮ್ಮ ಹೆಸರು ತಪ್ಪಿಲ್ಲದೆ ಅಚ್ಚಾಗಿರುವುದು ಎರಡೇ ಕಡೆ, ರೇಷನ್ ಕಾರ್ಡಿನಲ್ಲಿ ಮತ್ತು ಆ ಫೈಲಿನ ಮೊದಲ ಸಾಲಿನಲ್ಲಿ.

"ಇದು ಹ್ಯಾಂಗ ನಡೀತದಂತ ಬರದ ಇಡ್ರಿ ಕಾಕಾ," ಎಂದು ನಿಮಗೆ ಎಷ್ಟು ಸಲ ಹೇಳಿದ್ದೆ? ಒಳ್ಳೆಯ ಮಾತಿನಲ್ಲಿ ಹೇಳಿದೆ, ಸಿಟ್ಟಿನಿಂದ ಹೇಳಿದೆ, ಒಂದು ಭಾನುವಾರ ಮಾತು ಬಿಟ್ಟೂ ನೋಡಿದೆ. ನೀವು ಕನ್ನಡಕ ಹಣೆಗೆ ಏರಿಸಿ, "ಬರಿಯೂದ ಎದಕ್ಕ? ನಾ ಇದ್ದೀನಲ್ಲ," ಎಂದು ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ. ನಿಮ್ಮ ಮೇಲೆ ಈಗ ಬರುವ ಸಿಟ್ಟನ್ನು ಯಾರ ಮುಂದೆ ತೋಡಿಕೊಳ್ಳಲಿ ಹೇಳಿ.

ನೀವು ಹೋದ ಮೂರನೇ ತಿಂಗಳಿಗೆ ಆ ಸಿಸ್ಟಮಿನವರ ಮೇಲ್ ಬಂತು, ನಿಮ್ಮ ಹೆಸರಿಗೇ. ವಿವರಣೆ ಬರೆಯದ, ನೋಡಿಕೊಳ್ಳುವವರಿಲ್ಲದ ಡ್ರೈವರುಗಳನ್ನು ಮುಂದಿನ ಆವೃತ್ತಿಯಿಂದ ತೆಗೆದುಹಾಕುತ್ತಾರಂತೆ. ನಿಮ್ಮದಕ್ಕೆ ಎರಡೂ ಇರಲಿಲ್ಲ. ಒಮ್ಮೆ ಮಣ್ಣು ಕೊಟ್ಟು ಬಂದಿದ್ದೆವು, ಇನ್ನೊಮ್ಮೆ ಕೊಡಿ ಎಂದ ಹಾಗಿತ್ತು. ಹಿಂದೆ ಮುಂದೆ ನೋಡದೆ, "ಬರೆದವರು ತೀರಿಕೊಂಡಿದ್ದಾರೆ, ವಿವರಣೆ ನಾನು ಬರೆಯುತ್ತೇನೆ, ಡ್ರೈವರನ್ನೂ ನಾನೇ ನೋಡಿಕೊಳ್ಳುತ್ತೇನೆ," ಎಂದು ಉತ್ತರ ಕಳಿಸಿದೆ. ನನಗೆ ಗೊತ್ತಿದ್ದದ್ದು ಎಷ್ಟು ಎಂದು ಆಗ ಯೋಚಿಸಲಿಲ್ಲ.

ಮೊದಲ ಕೆಲವು ಭಾನುವಾರ ಕೆಲಸ ಚೆನ್ನಾಗಿಯೇ ಸಾಗಿತು. ಡ್ರೈವರಿನ ಹೆಸರು, ಅದು ಯಾವ ಯಾವ ಕಾರ್ಡಿಗೆ ಹೊಂದುತ್ತದೆ, ಯಾವ ತಪ್ಪಿಗೆ ಯಾವ ಸೂಚನೆ ಕೊಡುತ್ತದೆ, ಎಲ್ಲ ಬರೆದೆ. ಆಮೇಲೆ ಆ ಸಾಲಿಗೆ ಬಂದೆ. ಕಾರ್ಡು ಎಚ್ಚರಗೊಂಡ ಮೇಲೆ ಹನ್ನೊಂದು ಸೆಕೆಂಡು ಸುಮ್ಮನೆ ಕಾಯಬೇಕು, ನಂತರವೇ ಡಿಸ್ಕುಗಳನ್ನು ಹುಡುಕಬೇಕು. ಯಾಕೆ ಹನ್ನೊಂದು? ಹತ್ತು ಯಾಕಲ್ಲ? ಅಂಗಡಿಯ ಮಷಿನ್ನಿನಲ್ಲಿ ಐದಕ್ಕೆ ಇಳಿಸಿದೆ, ನಡೆಯಿತು. ಎರಡಕ್ಕೆ ಇಳಿಸಿದೆ, ನಡೆಯಿತು. ಕಾಯುವುದನ್ನೇ ಕಿತ್ತುಹಾಕಿದೆ, ಆಗಲೂ ನಡೆಯಿತು. ಆ ಸಿಸ್ಟಮಿನವರಲ್ಲಿ ಬರಹ ತಿದ್ದುವ ಹೆಂಗಸೊಬ್ಬಳಿದ್ದಾಳೆ, ಯಾವ ದೇಶದವಳೋ, ಮುಖ ನೋಡಿಲ್ಲ. "ಕಾರಣ ಬರೆಯಿರಿ, ಇಲ್ಲವೇ ಆ ಸಾಲು ತೆಗೆಯಿರಿ," ಎಂದಳು. ತೆಗೆದರೆ ಎಲ್ಲೋ ಯಾರದೋ ಡಿಸ್ಕು ಕೆಟ್ಟೀತೆಂಬ ಭಯ. ಬರೆಯೋಣವೆಂದರೆ ಏನು ಬರೆಯಲಿ? ಅತ್ತ ದರಿ, ಇತ್ತ ಪುಲಿ. ನಡುವೆ ನಾನು ಸ್ಟೂಲಿನ ಮೇಲೆ ಕೈಚೆಲ್ಲಿ ಕೂತಿದ್ದೆ.

ಹೊಳೆಮಣ್ಣೂರಿನ ಸಂಘದವರ ಕಂಪ್ಯೂಟರ್ ಪ್ರವಾಹದಲ್ಲಿ ನೆನೆದಾಗ ನೀವು ಅದನ್ನು ವಾರಗಟ್ಟಲೆ ಒಣಗಿಸಿ ಇಂಥದೇ ಇನ್ನೊಂದು ಕಾರ್ಡು ಹಾಕಿಕೊಟ್ಟದ್ದು ನೆನಪಾಯಿತು. ಹನ್ನೊಂದರ ಗುಟ್ಟು ಅದರಲ್ಲೇ ಇರಬೇಕು ಎಂದುಕೊಂಡು ಬಸ್ಸು ಹತ್ತಿದೆ. ಸಂಘದ ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು.

"ಮೌಲಾಸಾಬ್ರು ಚಾಲೂ ಮಾಡಿ ಕೊಟ್ಟಿದ್ರಲ್ರಿ, ಆ ಮಷಿನ್ ಎಲ್ಲೈತ್ರಿ?"

"ಅದಾ? ಮತ್ತೊಮ್ಮಿ ಹೊಳಿ ಬಂತಲ್ಲವ್ವ, ಆವಾಗ ಪೂರಾ ಹೋತು. ಗುಜರಿಗೆ ಹಾಕಿದ್ವಿ."

"ಚಾಲೂ ಆಗಾಕ ಎಷ್ಟ ಹೊತ್ತ ತಗೋತಿತ್ರಿ?"

"ಭಾಳ ಹೊತ್ತ ತಗೋತಿತ್ತು. ಸ್ವಿಚ್ ಹಾಕಿ ನಾ ಹೊರಗ ಬಂದು ಎಲಿ ಅಡಿಕಿ ಹಾಕ್ಕೊಂಡ ಒಳಗ ಹೋಗ್ತಿದ್ದೆ."

ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಇದನ್ನು ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ಹೇಗೆ ಬರೆಯಲಿ, ಕಾಕಾ? ನೀವಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಿರಿ. ನಾನು ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ.

ಕಾಕುವನ್ನು ಕೇಳಲು ನಿಮ್ಮ ಮನೆಗೆ ಹೋದಾಗ ಅವರಿನ್ನೂ ಗಂಡ ತೀರಿದ ಮೇಲಿನ ಇದ್ದತ್ತಿನಲ್ಲಿ, ಹೊಸ್ತಿಲು ದಾಟದೆ ಒಳಗೇ ಇದ್ದರು. ನಿಮ್ಮ ಮೂರು ಡೈರಿಗಳನ್ನು ತಂದು ನನ್ನ ಮಡಿಲಿಗೆ ಹಾಕಿದರು. ಬಸ್ಸಿನ ವೇಳೆ, ಶಿರೋಳದವರ ಮಿಕ್ಸರಿಗೆ ಬೇಕಾದ ಬುಶ್ಶು, ಲಕ್ಕಲಕಟ್ಟಿಯಲ್ಲಿ ಟಿವಿ ಕೊಟ್ಟುಬರಬೇಕಾದ ಮನೆಯ ಗುರುತು. ಎಲ್ಲ ಇತ್ತು. ಡ್ರೈವರಿನ ಬಗ್ಗೆ ಒಂದಕ್ಷರ ಇರಲಿಲ್ಲ. ನಾನು ಹನ್ನೊಂದು ಎಂದ ಕೂಡಲೇ ಕಾಕು ತಲೆಯೆತ್ತಿ ನನ್ನನ್ನು ನೋಡಿದರು.

"ಮಷಿನ್ ಹಚ್ಚಿದ ಕೂಡ್ಲೆ ಒಂದ, ಎರಡ ಅಂತ ಬಾಯಾಗ ಎಣಸ್ತಿದ್ರವ್ವ. ಹನ್ನೊಂದಕ್ಕ ನಿಲ್ಲಸ್ತಿದ್ರು. ಉಣ್ಣಾಕ ಕರಿಯಾಕ ಹೋದಾಗೆಲ್ಲ ಕಿವಿಗೆ ಬೀಳ್ತಿತ್ತು. ಎದಕ್ಕಂತ ಒಮ್ಮಿನೂ ಕೇಳಲಿಲ್ಲ ನೋಡು. ಕೇಳಬೇಕಿತ್ತೇನು?"

ಅವರ ಕೈ ಹಿಡಿದುಕೊಂಡೆ. ಕೇಳಬೇಕಿದ್ದವಳು ನಾನು. ಅವರಲ್ಲ.

ಹುಬ್ಬಳ್ಳಿಯ ದವಾಖಾನೆಗೆ ನಿಮ್ಮನ್ನು ನೋಡಲು ಬಂದ ದಿನ ನನ್ನ ಬ್ಯಾಗಿನಲ್ಲಿ ಎರಡು ಹಾಳೆ ತುಂಬ ಪ್ರಶ್ನೆಗಳಿದ್ದವು. ಮೊದಲನೆಯದೇ ಈ ಹನ್ನೊಂದು. ನಿಮಗೆ ಗೊತ್ತಿರಲಿಲ್ಲ, ಈಗ ಹೇಳುತ್ತಿದ್ದೇನೆ. ದಾರಿಯುದ್ದಕ್ಕೂ ಕೇಳಿಯೇ ಬಿಡಬೇಕೆಂದು ಗಟ್ಟಿ ಮಾಡಿಕೊಂಡು ಬಂದಿದ್ದೆ. ಆದರೆ ನಮ್ಮ ಕಡೆಯ ಪದ್ಧತಿ ನಿಮಗೆ ತಿಳಿಯದ್ದೇ? ಹಾಸಿಗೆ ಹಿಡಿದವರನ್ನು ನೋಡಲು ಹೋದರೆ ಎಳನೀರು ಕೊಡಬೇಕು, ಲಗೂ ಆರಾಮ ಆಗ್ತೀರಿ ಎನ್ನಬೇಕು, ಏಳಬೇಕು. ಅದೆಲ್ಲಿದೆ, ಇದು ಹೇಗೆ ಎಂದು ಕೇಳಿದರೆ, ನೀವು ತಿರುಗಿ ಬರುವುದಿಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ. ನರಗುಂದದ ನಮ್ಮ ಮನೆಯಲ್ಲಿ ಅಜ್ಜ ಮಲಗಿದ್ದಾಗ ದೊಡ್ಡಪ್ಪ, "ಹೊಲದ ಕಾಗದ ಎಲ್ಲಿಟ್ಟೀರಿ?" ಎಂದು ಕೇಳಿಬಿಟ್ಟಿದ್ದ. ಮರುವಾರವೇ ಅಜ್ಜ ಹೋದರು. "ಕೇಳಿ ಕಳಿಸಿದಾಂವ" ಎಂಬ ಹೆಸರು ದೊಡ್ಡಪ್ಪನಿಗೆ ಓಣಿಯಲ್ಲಿ ಅವನು ಸಾಯುವವರೆಗೂ ತಪ್ಪಲಿಲ್ಲ. ಆ ಮನೆಯಲ್ಲಿ ಬೆಳೆದವಳು ನಾನು. ಬ್ಯಾಗಿನ ಜಿಪ್ಪಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತೆ.

ನೀವೇ ಕೇಳಿದಿರಿ. ಆ ದನಿ ಇನ್ನೂ ಕಿವಿಯಲ್ಲಿದೆ. "ಏನರ ಕೇಳೂದೈತೇನು ನೀಲವ್ವ?"

"ಏನಿಲ್ರಿ ಕಾಕಾ. ನೀವು ಆರಾಮಾಗಿ ಬರ್ರಿ, ಅಂಗಡ್ಯಾಗ ಕೇಳ್ತೀನಿ."

"ಹಂಗಾರ ಆತು," ಎಂದು ಕಣ್ಣು ಮುಚ್ಚಿದಿರಿ. ನಿಮಗೆ ಗೊತ್ತಿತ್ತೇ? ನಾನು ಕೇಳಲಿ ಎಂದೇ ಕಾದಿದ್ದಿರೇ? ಬಾಗಿಲ ತನಕ ಹೋಗಿ ತಿರುಗಿ ನೋಡಿದಾಗ ಒಂದು ಸಲ ಕಣ್ಣು ತೆರೆದಿದ್ದಿರಿ. ಆಗಲೂ ನಾನು... ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅದೇ. ಕೇಳದಿದ್ದುದಕ್ಕೆ ನೀವೇನೂ ಉಳಿಯಲಿಲ್ಲ. ನಾಲ್ಕನೆಯ ದಿನ ಫೋನು ಬಂತು.

ಕೊನೆಗೆ ಏನು ಬರೆದೆ ಗೊತ್ತೇ? ವಿವರಣೆಯ ಕಟ್ಟಕಡೆಗೆ ದೋಷಗಳು ಎಂಬ ಭಾಗ ಬರುತ್ತದೆ. ಅಲ್ಲಿ ಮೂರು ಸಾಲು ಬರೆದೆ. ಹನ್ನೊಂದು ಸೆಕೆಂಡಿನ ಕಾರಣ ಗೊತ್ತಿಲ್ಲ, ಕಡಿಮೆ ಮಾಡಬೇಡಿ. ಬರೆದವರು ಈಗಿಲ್ಲ. ಕೇಳುವ ಅವಕಾಶವಿದ್ದವಳು ಕೇಳಲಿಲ್ಲ. ಆ ಹೆಂಗಸು ಮೊದಲ ಸಾಲು ಮಾತ್ರ ಉಳಿಸಿ ಕೆಳಗಿನ ಎರಡನ್ನೂ ಹೊಡೆದುಹಾಕಿದಳು. "ಇಲ್ಲಿ ಡ್ರೈವರಿನ ದೋಷಗಳನ್ನು ಮಾತ್ರ ಬರೆಯುತ್ತೇವೆ," ಎಂದು ಬದಿಯಲ್ಲಿ ಬರೆದಿದ್ದಳು. ಅಷ್ಟೇ. ಬೈದಳೋ, ಸಮಾಧಾನ ಹೇಳಿದಳೋ, ನನಗೆ ಇವತ್ತಿಗೂ ತಿಳಿದಿಲ್ಲ.

ಕಳೆದ ತಿಂಗಳು ಹೊಸ ಆವೃತ್ತಿ ಬಂತು, ಕಾಕಾ. ನಿಮ್ಮ ಡ್ರೈವರನ್ನು ತೆಗೆಯಲಿಲ್ಲ. ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಹಾಗೆಯೇ ಇದೆ. ನೋಡಿಕೊಳ್ಳುವವರು ಎಂಬಲ್ಲಿ ನನ್ನದು. ಗೆದ್ದೆ ಎಂದುಕೊಳ್ಳಬೇಕಲ್ಲವೇ? ಗೊತ್ತಿಲ್ಲದ ಮನೆಗೆ ಕಾವಲು ಕೂತ ಹಾಗೆ ಅನ್ನಿಸುತ್ತದೆ. ನಾಳೆ ಏನಾದರೂ ಕೆಟ್ಟರೆ ಜಗತ್ತೆಲ್ಲ ನನ್ನನ್ನೇ ಕೇಳುತ್ತದೆ. ನಾನು ಯಾರನ್ನು ಕೇಳಲಿ?

ಮೊನ್ನೆ ಶನಿವಾರ ಒಬ್ಬರ ಮೇಲ್ ಬಂತು. ದೂರದ ಯಾವುದೋ ದೇಶದ ಸಣ್ಣ ಊರಿನ ಗ್ರಂಥಾಲಯದವರು. ಅವರ ಹಳೆಯ ಮಷಿನ್ನಿನಲ್ಲಿ ಈ ಕಾರ್ಡೇ ಇದೆಯಂತೆ. ಬೇಗ ಶುರುವಾಗಲೆಂದು ಹನ್ನೊಂದನ್ನು ಹತ್ತು ಮಾಡಿದರಂತೆ. ಒಂದು ಡಿಸ್ಕು ಕಾಣಿಸಲೇ ಇಲ್ಲವಂತೆ. ಮತ್ತೆ ಹನ್ನೊಂದು ಮಾಡಿದಾಗ ಬಂತಂತೆ. ಯಾಕೆಂದು ಅವರಿಗೂ ತಿಳಿಯದು. ಕೊನೆಯಲ್ಲಿ ಬರೆದಿದ್ದಾರೆ: "ಹನ್ನೊಂದು ಎಂದು ಬರೆದ ಪುಣ್ಯಾತ್ಮರಿಗೆ ನನ್ನ ವಂದನೆಗಳನ್ನು ದಯವಿಟ್ಟು ತಲುಪಿಸಿ. ಅವರು ಚೆನ್ನಾಗಿದ್ದಾರೆಂದು ನಂಬಿದ್ದೇನೆ."

ಇಲ್ಲ ಎಂದು ಬರೆಯಲು ಎರಡು ಸಲ ಕೂತೆ. ಕೈ ಏಳಲಿಲ್ಲ. "ತಲುಪಿಸುತ್ತೇನೆ," ಎಂದು ಕಳಿಸಿಬಿಟ್ಟೆ.

ಅದಕ್ಕೇ ಈ ಪತ್ರ, ಕಾಕಾ. ಇನ್ನು ಹೇಗೆ ತಲುಪಿಸಬೇಕೋ ನನಗೆ ಗೊತ್ತಿಲ್ಲ.

ನಿಮ್ಮ,
ನೀಲವ್ವ