ದಾನಮ್ಮನ ಹಾಜರಿ, ನನ್ನ ಹೆಬ್ಬೆಟ್ಟು

ಡೊಂಬಿವಲಿ, ಮಾರ್ಚ್ 2015

ಮಾನ್ಯ ಕುಲಸಚಿವರೇ,

ಅಂತಿಮ ಬಿ.ಎ. ಸಂಜೆ ತರಗತಿಯ ದಾನಮ್ಮ ಇಡೀ ವರ್ಷದಲ್ಲಿ ಒಂದೇ ದಿನ ಹಾಜರಾಗಿದ್ದಾಳೆ, ಆದ್ದರಿಂದ ಏಪ್ರಿಲ್ ಪರೀಕ್ಷೆಗೆ ಕೂರುವಂತಿಲ್ಲ ಎಂದು ನಿಮ್ಮ ಕಚೇರಿ ಮೊನ್ನೆ ಠಾಣೆ ನಗರದ ನಮ್ಮ ಕೇಂದ್ರದಲ್ಲಿ ಪಟ್ಟಿ ಅಂಟಿಸಿದೆ. ಆಕೆ ನೂರಾ ಮೂವತ್ತೊಂದು ಸಂಜೆ ಬಂದಿದ್ದಾಳೆ. ನೀವು ಬಂದಿದ್ದಳೆನ್ನುವ ಆ ಒಂದು ದಿನ ಮಾತ್ರ ಬಂದಿರಲಿಲ್ಲ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ಆ ದಿನ ಆಕೆಯ ಹೆಸರಿನಲ್ಲಿ ಹೆಬ್ಬೆಟ್ಟು ಒತ್ತಿದವನು ನಾನೇ.

ನಿಮ್ಮನ್ನು ಬೈಯುವ ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಕಳೆದ ವರ್ಷ ನಮ್ಮ ಹಳೆಯ ನಗರ ವಿಶ್ವವಿದ್ಯಾಲಯ ದಿಢೀರನೆ ‘ತಂತ್ರಜ್ಞಾನ ಮತ್ತು ನಾವೀನ್ಯ ವಿಶ್ವವಿದ್ಯಾಲಯ’ವಾಯಿತಲ್ಲ, ಆ ನಾಮಕರಣದ ಸಮಿತಿಯಲ್ಲಿ ನಾನೂ ಇದ್ದೆ. ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿದವನನ್ನು ಯಾರೂ ಯಾವ ಸಮಿತಿಗೂ ಕರೆದಿರಲಿಲ್ಲ. ಕರೆದರು ಎಂಬುದಕ್ಕೇ ಉಬ್ಬಿಹೋದೆ. ‘ಬೆರಳ ತುದಿಯಲ್ಲಿ ಭವಿಷ್ಯ’ ಎಂಬ ಘೋಷವಾಕ್ಯ ನನ್ನದೇ. ಬೇರೆ ಯಾರನ್ನೂ ದೂರಬೇಡಿ. ಕನ್ನಡ ವಿಭಾಗದ ಬಾಗಿಲಿಗೆ ‘ಭಾಷಾ ತಂತ್ರಜ್ಞಾನ ಕೇಂದ್ರ’ ಎಂಬ ಫಲಕ ಬಂತು. ಒಳಗೆ ಅದೇ ಕರಿಹಲಗೆ, ಅದೇ ಕಿರುಗುಟ್ಟುವ ಫ್ಯಾನು, ಅದೇ ಹನ್ನೊಂದು ವಿದ್ಯಾರ್ಥಿಗಳು. ನಾನು ಮಾತ್ರ ಮೇಷ್ಟ್ರಾಗಿದ್ದವನು ಸಂಯೋಜಕನಾದೆ. ವಿಸಿಟಿಂಗ್ ಕಾರ್ಡ್ ಮಾಡಿಸಿ ಮನೆಗೆ ತಂದು ತೋರಿಸಿದರೆ ನನ್ನ ಹೆಂಡತಿ ರುಕ್ಮಿಣಿ, “ರಿಮೋಟಿಗೆ ಸೆಲ್ ಹಾಕೋಕೆ ಪಕ್ಕದ ಫ್ಲ್ಯಾಟಿನವರನ್ನ ಕರೀತೀರಿ. ನೀವು ತಂತ್ರಜ್ಞಾನದ ಸಂಯೋಜಕರೇನ್ರೀ? ದೇವರೇ!” ಎಂದು ಬಿದ್ದು ಬಿದ್ದು ನಕ್ಕಳು. ಹೊಟ್ಟೆಕಿಚ್ಚು ಎಂದುಕೊಂಡು ಕಾರ್ಡನ್ನು ಜೇಬಿಗಿಳಿಸಿದೆ.

ಆಮೇಲೆ ಬೆರಳಚ್ಚಿನ ಯಂತ್ರ ಬಂತು. ಹಾಜರಿ ಪುಸ್ತಕಕ್ಕೆ ನಾವು ಬೀಳ್ಕೊಡುಗೆ ಸಮಾರಂಭ ಮಾಡಿದ್ದು ನಿಮಗೆ ನೆನಪಿರಬೇಕು. ತಾವೇ ಅಧ್ಯಕ್ಷತೆ ವಹಿಸಿದ್ದಿರಿ. ರಟ್ಟು ಕಿತ್ತುಹೋದ ಆ ಪುಸ್ತಕಕ್ಕೆ ನಾನು ಸೇವಂತಿಗೆ ಹಾರ ಹಾಕಿ ಹದಿನೈದು ನಿಮಿಷ ಭಾಷಣ ಬಿಗಿದೆ. ಪಾಪದ ಪುಸ್ತಕ, ಅದು ಯಾರಿಗೆ ಏನು ಅನ್ಯಾಯ ಮಾಡಿತ್ತು?

ಈಗ ದಾನಮ್ಮನ ವಿಷಯ. ಊರು ವಿಜಯಪುರದ ಕಡೆ. ರಬಾಳೆಯ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಆಸಿಡ್ಡಿನಲ್ಲಿ ತೊಳೆಯುವ ಕೆಲಸ. ಕೈಗವಸು ಕೊಡುತ್ತಾರೆ, ಹರಿದ ಮೇಲೆ ಇನ್ನೊಂದು ಸಿಗುವುದು ಕಷ್ಟ. ಆರಕ್ಕೆ ಕೆಲಸ ಬಿಟ್ಟು, ಠಾಣೆಯ ಲೋಕಲ್ ರೈಲು ಹಿಡಿದು, ಏಳಕ್ಕೆ ನನ್ನ ತರಗತಿಯ ಮೊದಲ ಬೆಂಚಿನಲ್ಲಿರುತ್ತಾಳೆ. ಅದೇ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತೆಯ ಜಾಗ ಖಾಲಿಯಿದೆ. ಬಿ.ಎ. ಮುಗಿಸಿ ಬಂದರೆ ಜೂನ್‌ನಲ್ಲಿ ಆಕೆಗೇ ಎಂದು ಮ್ಯಾನೇಜರು ಹೇಳಿದ್ದಾರೆ. ಅಲ್ಲಿ ಕೈಗೆ ಆಸಿಡ್ ತಾಗುವುದಿಲ್ಲ.

ನೋಂದಣಿಯ ದಿನ ಯಂತ್ರ ಆಕೆಯ ಹತ್ತು ಬೆರಳನ್ನೂ ಒಲ್ಲೆನೆಂದಿತು. ಗೆರೆಗಳು ಸವೆದುಹೋಗಿದ್ದವು. ನನ್ನ ಬಲಗೈ ಹೆಬ್ಬೆರಳು ಮಾತ್ರ ಒಂದೇ ಏಟಿಗೆ ಪಾಸು; ಜನ್ಮದಲ್ಲಿ ಸೀಮೆಸುಣ್ಣಕ್ಕಿಂತ ಭಾರದ್ದನ್ನು ಎತ್ತದ ಬೆರಳು, ಸವೆಯುವುದಾದರೂ ಹೇಗೆ? ನೂರಕ್ಕೆ ನೂರು ನೋಂದಣಿಯ ವರದಿ ಅಂದೇ ಬೇಕೆಂದು ನಿಮ್ಮ ಕಚೇರಿಯ ಫೋನಿನ ಮೇಲೆ ಫೋನು. ದಾನಮ್ಮ ಲೋಕಲ್ ಹಿಡಿಯಲು ಹೊರಟ ಮೇಲೆ ಯಂತ್ರ ಕೂರಿಸಲು ಬಂದಿದ್ದವರು, “ಸರ್, ಅಭೀ ಕಿಸೀ ಕಾ ಭೀ ಡಾಲ್ ದೋ, ಬಾದ್ ಮೇ ದೇಖೇಂಗೆ” ಎಂದರು. ಯಾರದಾದರೂ ಹಾಕಿ, ಆಮೇಲೆ ನೋಡೋಣ ಎಂದರೆ ನಾನು ಬೇಡವೆನ್ನಬೇಕಿತ್ತು. ಅನ್ನಲಿಲ್ಲ. ಆಕೆಯ ಸಂಖ್ಯೆಗೆ ನನ್ನ ಎಡಗೈ ಹೆಬ್ಬೆರಳು ಕೊಟ್ಟೆ. ವರದಿ ನೂರಕ್ಕೆ ನೂರಾಯಿತು. ನೀವು ಮೆಚ್ಚಿ ಕಳಿಸಿದ ಕಾಫಿ ಮಗ್ಗು ಈಗಲೂ ನಮ್ಮ ಮನೆಯಲ್ಲಿದೆ.

ಯಂತ್ರದ ಉದ್ಘಾಟನೆಯ ಮಧ್ಯಾಹ್ನ ದಾನಮ್ಮ ಕಾರ್ಖಾನೆಯಲ್ಲಿದ್ದಳು; ಸಮಾರಂಭದ ಸಲುವಾಗಿ ಅಂದು ಸಂಜೆ ತರಗತಿಗೆ ರಜೆ. ವೇದಿಕೆಯ ಮೇಲೆ ನನ್ನ ಬಲಗೈಯಲ್ಲಿ ಮೈಕು, ಹಾಗಾಗಿ ಎಡಗೈ ಹೆಬ್ಬೆರಳು ಒತ್ತಿದೆ. ಪರದೆಯ ಮೇಲೆ ದಾನಮ್ಮನ ಹೆಸರು ಮೂಡಿತು, ಯಂತ್ರ “ಥ್ಯಾಂಕ್ ಯೂ” ಎಂದಿತು, ತಾವೂ ಸೇರಿದಂತೆ ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಸರು ಓದಿದವರು ಯಾರೂ ಇಲ್ಲ. ನಿಮ್ಮ ಪಟ್ಟಿಯ ‘ಹಾಜರಿ ಒಂದು’ ಅದೇ.

ಆಮೇಲೆ ಪ್ರತಿ ಸಂಜೆ ಆಕೆ ಸೀರೆಯ ಸೆರಗಿಗೆ ಬೆರಳೊರೆಸಿ ಯಂತ್ರದ ಮೇಲಿಡುವುದು, ಅದು “ಪ್ಲೀಸ್ ಟ್ರೈ ಅಗೇನ್” ಎನ್ನುವುದು. ನಾನು ಕೊಬ್ಬರಿ ಎಣ್ಣೆ ಹಚ್ಚು, ನಿಂಬೆಹಣ್ಣು ತಿಕ್ಕು ಎಂದು ಅಜ್ಜಿಮದ್ದು ಹೇಳುತ್ತಾ ಕೂತೆ. ತಪ್ಪು ತಿದ್ದಿಸಬೇಕೆಂದರೆ ವರದಿ ಸುಳ್ಳೆಂದು ಬರೆದುಕೊಡಬೇಕು, ಮಾನ ಹೋಗುತ್ತದಲ್ಲ! ಕೊನೆಗೆ ದೀಪಾವಳಿಯ ಹೊತ್ತಿಗೆ ನಿಜ ಹೇಳಿ, “ದಿನಾ ನಾನೇ ಒತ್ತಿಬಿಡ್ತೀನಮ್ಮಾ, ಯಾರಿಗೂ ಗೊತ್ತಾಗಲ್ಲ” ಎಂದೆ.

ಆಕೆ ಬೈಯಲಿಲ್ಲ. “ಬ್ಯಾಡ್ರಿ ಸರ. ನೀವು ಒತ್ತಿದ್ರ ನೀವು ಬಂದಂಗ ಆಗ್ತೈತ್ರಿ. ಬಂದಾಕಿ ನಾ ಇದ್ದೀನಲ್ರಿ,” ಎಂದಳು. ನೋಟುಬುಕ್ಕು ತೆಗೆದಿಡುತ್ತಾ, “ನಮ್ಮವ್ವ ಎಲ್ಲಾ ಕಡೆ ಹೆಬ್ಬೆಟ್ಟ ಒತ್ತತಿದ್ಲು. ನಾ ಸಹಿ ಮಾಡಬೇಕು ಅಂತ ಸಾಲಿ ಕಲ್ತೆ. ಇಷ್ಟ ದೊಡ್ಡ ಯುನಿವರ್ಸಿಟಿ, ನನ್ನ ಸಹಿ ಬಿಟ್ಟು ಹೆಬ್ಬೆಟ್ಟ ಕೇಳ್ತೈತಲ್ರಿ?” ಎಂದಳು. ನಾನು ತಲೆ ತಗ್ಗಿಸಿ ಪಾಠ ಶುರು ಮಾಡಿದೆ. ಏನು ಪಾಠ ಮಾಡಿದೆನೋ ನನಗೇ ತಿಳಿಯದು.

ಕುಲಸಚಿವರೇ, ಓದುಬರಹ ಕಲಿಸಲೆಂದೇ ಇರುವ ಸಂಸ್ಥೆ ಬರೆಯಬಲ್ಲವಳ ಮುಂದೆ ಪೆನ್ನು ಇಡದೆ ಹೆಬ್ಬೆರಳು ಚಾಚು ಎನ್ನುವುದನ್ನು ಪ್ರಗತಿ ಎನ್ನಬೇಕೆ? ದುಡಿದ ಕೈ ಕಂಡರೆ ಗುರುತೇ ಸಿಗದ ಯಂತ್ರ ಜಾಣಯಂತ್ರವೇ? ನಿಮ್ಮ ದೂರು ಪೋರ್ಟಲ್ಲಿಗೆ ಹೋದರೆ ಅದೂ ಮೊದಲು ಬೆರಳು ಕೇಳುತ್ತದೆ. ದಾನಮ್ಮ ದೂರುವುದಾದರೂ ಯಾವ ಕೈಯಿಂದ?

ಆದರೆ ಪುರಾವೆಯಿದೆ. ದಿನಕ್ಕೊಂದು ಪುಟ ಬರೆಸಿ ತಾರೀಕು ಹಾಕಿ ಸಹಿ ಮಾಡುವುದು ನನ್ನ ಹಳೆಯ, ತಂತ್ರಜ್ಞಾನವಿಲ್ಲದ ಚಟ. ಆಕೆಯ ನೋಟುಬುಕ್ಕುಗಳಲ್ಲಿ ಅಂಥ ನೂರಾ ಮೂವತ್ತೊಂದು ಪುಟಗಳಿವೆ. ಕೆಲವು ಪುಟಗಳ ಅಂಚು ಆಸಿಡ್ಡಿಗೆ ಸುಟ್ಟಿದೆ, ಅಕ್ಷರ ದುಂಡಗಿದೆ. ಅವನ್ನು ಹಾಜರಿಯೆಂದು ಒಪ್ಪಿ, ಈ ವಾರದೊಳಗೆ ಆಕೆಗೆ ಹಾಲ್ ಟಿಕೆಟ್ ಕೊಡಿ. ಬಾಗಿಲಲ್ಲಿ ಒಂದು ಹಾಜರಿ ಪುಸ್ತಕ, ಒಂದು ಪೆನ್ನು ಇಡಿ. ಶಿಕ್ಷೆ ಕೊಡಲೇಬೇಕಿದ್ದರೆ ಸುಳ್ಳು ವರದಿ ಬರೆದವನು ಇಲ್ಲಿದ್ದೇನೆ. ಮಗ್ಗೂ ವಾಪಸು ತರುತ್ತೇನೆ. ಒಂದು ದಿನ ಮಾತ್ರ ಬಂದವರು ಪರೀಕ್ಷೆಗೆ ಕೂರಬಾರದೆಂಬ ನಿಮ್ಮ ನಿಯಮವನ್ನೂ ನಾನು ತಕರಾರಿಲ್ಲದೆ ಒಪ್ಪುತ್ತೇನೆ. ಆ ವಿದ್ಯಾರ್ಥಿಯನ್ನು ಖಂಡಿತ ಕೂರಿಸಬೇಡಿ.

ಇಂತಿ, ಬೆರಳು ಸವೆಯದ ನಿಮ್ಮವ,
ವಸಂತಕುಮಾರ
ಭಾಷಾ ತಂತ್ರಜ್ಞಾನ ಸಂಯೋಜಕ, ಅಂದರೆ ಕನ್ನಡ ಮೇಷ್ಟ್ರು
ನಿಮ್ಮ ಯಂತ್ರದ ಪ್ರಕಾರ: ದಾನಮ್ಮ, ಅಂತಿಮ ಬಿ.ಎ., ಹಾಜರಿ ಒಂದು ದಿನ