ಮುಧೋಳದಾಗ ತೆರೆದಿದ್ದ ಲೈಸೆನ್ಸ್

ಬನಹಟ್ಟಿ
೧೪ ನವೆಂಬರ್ ೨೦೨೪

ಗೆಳತಿ ಉಜ್ವಲಾಗ,

ಶೇವಂತಿಯ ನಮಸ್ಕಾರ. ದೀಪಾವಳಿಗೆ ನೀ ಕಳಿಸಿದ ಮೆಸೇಜಿಗೆ ಉತ್ತರ ಕೊಡಲಿಲ್ಲ, ತಪ್ಪು ತಿಳ್ಕೋಬ್ಯಾಡ. ಫೋನಿನ್ಯಾಗ ಮಾತಾಡಿದ್ರ ನನ್ನ ದನಿ ಏರತೈತಿ, ಅದಕ್ಕ ಕಾಗದ ಹಿಡದೇನಿ. ಮುಧೋಳದಾಗ ಎಲ್ಲಾರೂ ಆರಾಮ ಅದೀರಲ್ಲ?

ಇಲ್ಲಿ ಎರಡು ತಿಂಗಳಿಂದ ಒಂದ ಕಿರಿಕಿರಿ. ಮಧ್ಯಾಹ್ನ ಸೀರಿ ಡಿಸೈನ್ ತಗಿಯೂಣಂತ ಕುಂತ್ರ ಸಾಫ್ಟ್‌ವೇರ್ ತೆರೀತಿರಲಿಲ್ಲ. 'ನಿಮ್ಮ ಲೈಸೆನ್ಸ್ ಬೇರೆ ಕಡೆ ಬಳಕೆಯಲ್ಲಿದೆ' ಅಂತ ಬರ್ತಿತ್ತು. ಪಾಸ್‌ವರ್ಡ್ ಗೊತ್ತಿದ್ದದ್ದು ನನಗ, ನಮ್ಮನಿಯವ್ರಿಗೆ, ಮಗ್ಗ ನೋಡ್ಕೊಳ್ಳೋ ಮುರಗೆಪ್ಪಗ. ನಾ ಮುರಗೆಪ್ಪನ ಮ್ಯಾಲ ಕಣ್ಣಿಟ್ಟೆ. ಚಾ ಕುಡ್ಯಾಕ ಹೋದ್ರೂ ಯಾರ ಕೂಡ ನಿಂತಾನಂತ ನೋಡ್ತಿದ್ದೆ. ಕಡೀಕ ಪಾಸ್‌ವರ್ಡ್ ಯಾರಿಗೆ ಕೊಟ್ಟಿ ಅಂತ ಕೇಳೇಬಿಟ್ಟೆ.

"ಹನ್ನೊಂದು ವರ್ಷದಾಗ ನಿಮ್ಮ ಒಂದ ಎಳಿ ನೂಲು ಮನಿಗೆ ಒಯ್ದಿಲ್ರಿ ಅಕ್ಕಾರ," ಅಂದ. ಚಪ್ಪಲಿ ಮೆಟ್ಟಿ ಹೋಗಿಬಿಟ್ಟ.

ಆಮ್ಯಾಲ ಸಾಫ್ಟ್‌ವೇರ್ ಕಂಪನಿಯವನ್ನ ಕರೆಸಿದೆ. "ನಾವು ಕೊಂಡದ್ದು ನಮಗ ಯಾಕ ತೆರಿಯೂದಿಲ್ರಿ?" ಅಂದೆ.

"ನೀವು ಕೊಂಡದ್ದು ಸಾಫ್ಟ್‌ವೇರ್ ಅಲ್ರೀ, ಅದನ್ನ ಬಳಸೂ ಹಕ್ಕಷ್ಟ," ಅಂದ. "ಒಂದು ನಮೂನಿ ಲೈಸೆನ್ಸ್ ಒಂದ ಕಂಪ್ಯೂಟರಿಗೆ ಕಟ್ಟಿರತೈತಿ, ಇನ್ನೊಂದು ಒಬ್ಬರ ಹೆಸರಿಗೆ. ನಿಮ್ಮದು ಮೂರನೇದು. ಎಷ್ಟು ಕಂಪ್ಯೂಟರಿಗೆ ಹಾಕಿದ್ರೂ ಒಂದು ಸಲಕ್ಕ ಒಬ್ಬರ ತೆರೀಬೇಕು. ಅವರು ಮುಚ್ಚೂತನಕ ನೀವು ಕಾಯ್ಬೇಕು."

ಯಾರು ಯಾವಾಗ ತೆರೆದಾರಂತ ಪಟ್ಟಿ ತಗದು ತೋರ್ಸಿದ. ಮೂವತ್ತೊಂದು ಮಧ್ಯಾಹ್ನ. ಕಂಪ್ಯೂಟರಿನ ಹೆಸರು ಉಜ್ವಲಾ.

ನಮ್ಮನಿಯವ್ರು ಬಾಗಿಲದಾಗ ನಿಂತಿದ್ರು. "ಪಾಸ್‌ವರ್ಡ್ ನಾನ ಕೊಟ್ಟೇನಿ. ಆಕಿ ಕಲೀಬೇಕಂದ್ಲು," ಅಂದ್ರು. ಮುರಗೆಪ್ಪ ಚಪ್ಪಲಿ ಮೆಟ್ಟೂವಾಗನೂ ಇವರು ಅಲ್ಲೇ ಇದ್ರು. ಆವಾಗ ಬಾಯಿ ಬಿಟ್ಟಿರಲಿಲ್ಲ.

ಮರುದಿನ ಮುರಗೆಪ್ಪನ ಮನಿಗೆ ಹೋಗಿ ತಪ್ಪಾತಪ್ಪಾ ಅಂದೆ. ಕೆಲಸಕ್ಕ ಬಂದಾನ. ಆದ್ರ ನನ್ನ ಮಾರಿ ನೋಡಿ ಮಾತಾಡೂದಿಲ್ಲ.

ನಾ ಪಾಸ್‌ವರ್ಡ್ ಬದಲಿ ಮಾಡಿಲ್ಲ. ನೀ ಮುಂಜಾನೆ ತೆರಿ, ಮಧ್ಯಾಹ್ನ ನನಗ ಬಿಡು. ಮಕ್ಕಳಿಗೆ ನನ್ನ ಆಶೀರ್ವಾದ ಹೇಳು, ಛಲೋತ್ನಂಗ ಓದ್ಲಿ.

ನಿನ್ನ,
ಶೇವಂತಿ

ತಾ.ಕ.: ನಾಕನೇ ಮಗ್ಗದಾಗ ಈ ವಾರ ಹೊಸಾ ಸೆರಗು ಓಡಾಕತ್ತೈತಿ. ಬೆಳಗಾವ್ಯಾಗ ಯಾರೋ ತಗದ ಡಿಸೈನ್ ಅಂತಾರ ನಮ್ಮನಿಯವ್ರು. ಸಣ್ಣಾಕಿದ್ದಾಗಿನ ರಂಗೋಲಿಯಿಂದನೂ ಎಲಿ ತುದಿ ಎಡಕ್ಕ ಬಾಗಿಸೂದು ನೀ ಒಬ್ಬಾಕಿ. ಕನ್ನಡಕ ಒರೆಸಿ ಮತ್ತ ನೋಡಿದೆ. ಖರೆ ಹೇಳ್ತೇನಿ, ನಾ ಈಗ ತಗಿಯೂದಕ್ಕಿಂತ ಛಲೋ ಐತಿ. ಶೇವಂತಿ ಕಣ್ಣು ಮಂದ ಆಗ್ಯಾವು, ಕೈ ಮೊದಲಿನಂಗ ಇಲ್ಲ ಅಂತ ಅವರು ನಿನಗ ಹೇಳ್ಯಾರೇನು? ನನಗಂತೂ ಹೇಳಿಲ್ಲ.